ಬಾಡಿದ ಗಿಡಕ್ಕೂ ಅರಿಶಿನ

ಎಳ್ಳಮಾಸಿ ದಿವಸ ಎಲ್ಲರೂ ಹೊಲಕ್ಕೆ ಉಣ್ಣಲಿಕ್ಕೆ ಹೋಗುತ್ತಾರೆ. ನಾನು ಗಿಡ ಕೀಳಲಿಕ್ಕೆ ಹೋದೆ. ಅದೂ ಬುತ್ತಿ ಇಲ್ಲದೆ, ಒಣ ಐಸಿನ ಡಬ್ಬಿ ಹೊತ್ತುಕೊಂಡು. ಐನಾಪುರದ ಆ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಮುಗಿಸಿ, ಬೇವಿನ ಮರದ ಕೆಳಗೆ ಸಜ್ಜೆ ರೊಟ್ಟಿ, ಎಲ್ಲ ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ ಹರವಿಕೊಂಡು ಕುಳಿತಿದ್ದ ಮನೆಮಂದಿ ನನ್ನ ಡಬ್ಬಿಯಿಂದ ಏಳುತ್ತಿದ್ದ ಬಿಳಿ ಹೊಗೆ ನೋಡಿ ತುತ್ತು ಕೈಯಲ್ಲೇ ಹಿಡಿದರು.

“ಮೊದಲ ಕುಂದ್ರು, ಉಣ್ಣು. ಆಮ್ಯಾಲ ನಿನ್ನ ಕೆಲಸ,” ಎಂದಳು ಆಯಿ. ಹೊಲ ಆಕೆಯದು. ಆಕೆಯನ್ನು ಊರಿಗೆ ಊರೇ ಆಯಿ ಅನ್ನುತ್ತದೆ, ನಾನೂ ಹಾಗೇ ಅಂದೆ. ವಾಡಿಯ ನಮ್ಮ ಮನೆಯಲ್ಲಿ ಎಳ್ಳಮಾಸಿ ಮಾಡುವುದಿಲ್ಲ. ಆದರೆ ಓಣಿಯ ನಾಲ್ಕು ಮನೆಯಿಂದ ಡಬ್ಬಿ ತುಂಬ ಭಜ್ಜಿ ಬರುತ್ತದೆ, ನಮ್ಮಿಂದ ಈದಿಗೆ ಶೀರಖುರ್ಮಾ ಹೋಗುತ್ತದೆ. ಹಾಗಾಗಿ ಭಜ್ಜಿಗೆ ಇಲ್ಲ ಅನ್ನುವುದು ನನಗೆ ಗೊತ್ತೇ ಇಲ್ಲ. ಕುಳಿತೆ, ಉಂಡೆ.

ನಾನು ಕೆಲಸ ಮಾಡುವುದು ಒಂದು ಬೆಳೆ ಸಂಶೋಧನಾ ಕೇಂದ್ರದಲ್ಲಿ. ಸೇಡಂನಲ್ಲಿ ನಮ್ಮದೊಂದು ಸಣ್ಣ ಪ್ರಯೋಗಶಾಲೆ ಇದೆ. ತೊಗರಿಯ ನೆಟೆ ರೋಗ ನಮ್ಮ ವಿಷಯ. ಮಣ್ಣಿನಲ್ಲಿರುವ ಒಂದು ಬೂಷ್ಟು ಬೇರಿನೊಳಗೆ ಹೊಕ್ಕು, ನೀರು ಏರುವ ಕೊಳವೆಗಳಲ್ಲಿ ಕುಳಿತುಬಿಡುತ್ತದೆ. ಕೆಳಗೆ ಹಸಿ ಇದ್ದರೂ ಗಿಡ ನಿಂತಲ್ಲೇ ಒಣಗುತ್ತದೆ. ಆಯಿಯ ಹೊಲದ ಕೆಳಗಿನ ಮೂಲೆಯಲ್ಲಿ ಮಾತ್ರ ಹಳೆಯ ತೊಗರಿಯ ಒಂದು ಪಟ್ಟಿ ಇತ್ತು, ಅದು ವರ್ಷಾನುಗಟ್ಟಲೆ ಒಣಗಿರಲಿಲ್ಲ. ಆ ಬೀಜ ಆಕೆಗೆ ತವರಿನವರು ಉಡಿಯಲ್ಲಿ ಹಾಕಿ ಕಳಿಸಿದ್ದು. ತವರು ಗಡಿಯಾಚೆ, ತೆಲುಗು ಸೀಮೆಯಲ್ಲಿ. ಅಲ್ಲಿ ಈಗ ಆ ಬೀಜ ಇಲ್ಲ. ಇಲ್ಲಿಯೂ ಬೇರೆ ಯಾರ ಬಳಿಯೂ ಇಲ್ಲ.

ಹೊಲ ಉಳುವವನು ಆಕೆಯ ಮಗ. ಲೆಕ್ಕದ ಮನುಷ್ಯ, ಕೆಟ್ಟವನಲ್ಲ. ಉಂಡು ಕೈ ತೊಳೆಯುತ್ತ ನನಗೆ ಹೇಳಿದ:

“ನೋಡ್ರಿ ಮೇಡಂ, ನಂದು ಒಂದೇ ಮಾತು. ಈ ಮೂಲ್ಯಾಗ ರೋಗ ಬಂದೇ ಇಲ್ಲೋ, ಇಲ್ಲಾ ಬಂದ್ರೂ ಈ ಗಿಡ ತಡೀಲಿಕತ್ತದೋ? ಮಣ್ಣಿಂದೇ ಗುಣ ಇದ್ರ ನಾ ಇಲ್ಲಿ ಹೊಸ ಬೀಜ ಹಾಕ್ತೀನಿ. ಲಗೂ ಬರ್ತದ, ಮಷೀನಿಗೂ ಕೊಯ್ಲಿಕ್ಕ ಬರ್ತದ. ಬೀಜದ ಗುಣ ಇದ್ರ ಅವ್ವಂದು ಇಟ್ಕೋತೀನಿ. ಮಿರಗದ ಮಳಿಗೆ ಬಿತ್ತೂದ್ರೊಳಗ ಹೇಳಿಬಿಡ್ರಿ.”

ಅವನ ಮಾತಿನಲ್ಲಿ ತಪ್ಪು ಹುಡುಕಲಿಕ್ಕೆ ನನಗೆ ಆಗಲಿಲ್ಲ. ರೊಟ್ಟಿ ಕಟ್ಟುತ್ತಿದ್ದ ಆಯಿ ಮಗನ ಕಡೆ ಒಮ್ಮೆ ನೋಡಿ ಗಂಟು ಬಿಗಿದಳು.

ಇದಕ್ಕೆ ಮುಂಚೆ ನಾವು ಆ ಪಟ್ಟಿಯ ಬೇರು ಒಯ್ದು ಅರೆದು ನೋಡಿದ್ದೆವು. ಬೂಷ್ಟಿನ ಸುಳಿವು ಸಿಕ್ಕಿತ್ತು. ಆದರೆ ಅದು ಬೇರಿಗೆ ಅಂಟಿದ ಮಣ್ಣಿನದೋ, ಒಳಗೆ ಹೊಕ್ಕಿದ್ದೋ ಗೊತ್ತಾಗಲಿಲ್ಲ. ಅರೆದರೆ ಇದೇ ಗತಿ. ಭಜ್ಜಿ ತಿಂದು ಯಾವ ಕಾಯಿ ಯಾರ ಹೊಲದ್ದು ಅಂತ ಹೇಳಲಿಕ್ಕೆ ಬರುತ್ತದೇನು? ನಮಗೆ ಬೇಕಾಗಿದ್ದು ಬೇರಿನ ಯಾವ ಕೋಶದಲ್ಲಿ ಯಾವ ಜೀನ್ ಎದ್ದು ಕೆಲಸ ಮಾಡುತ್ತಿದೆ ಎಂಬ ನಕ್ಷೆ. ಅದಕ್ಕೇ ಈ ಐಸಿನ ಡಬ್ಬಿ.

ಆಯಿಯ ಪಟ್ಟಿಯಿಂದ ಕೆಲವು ಗಿಡ ಕಿತ್ತೆ. ಬದುವಿನ ಈಚೆ ಸಾಮಾನ್ಯ ತೊಗರಿಯಿತ್ತು, ಅದರಲ್ಲಿ ಅರ್ಧ ಬಾಡಿದ ಗಿಡಗಳನ್ನೂ ಹೋಲಿಕೆಗೆಂದು ಕಿತ್ತೆ. ಬೇರು ತಣ್ಣೀರಿನಲ್ಲಿ ತೊಳೆದು, ಕತ್ತರಿಸಿ, ಐಸಿಗೆ ಇಳಿಸಬೇಕು. ತಡವಾದಷ್ಟೂ ಬೇರಿನೊಳಗಿನ ಆರ್‌ಎನ್‌ಎ ಕೆಡುತ್ತದೆ. ನಾನು ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಆಯಿ ತಾಮ್ರದ ತಂಬಿಗೆ ಹಿಡಿದು ಬಂದಳು. ಚರಗಕ್ಕೆ ತಂದ ಅರಿಶಿನದ ನೀರು.

“ತಾ ಇಲ್ಲಿ. ಎಳ್ಳಮಾಸಿ ದಿನ ಹಸೀ ಗಿಡ ಕಿತ್ತು ಬರೇ ಹಂಗ ಒಯ್ಯಬಾರದು.”

“ಆಯಿ, ಹೊತ್ತಾಗ್ಲಿಕತ್ತದ, ಬ್ಯಾಡ.”

“ಒಂದು ಸಲ ಎದ್ದಿ ತೆಗೀತೀನಿ. ಬಸರಿ ಭೂಮಿ ಅದ ಇವತ್ತ.”

ನನ್ನ ಸಿಡುಕು ಮೂಗಿನ ತುದಿಗೆ ಬಂದಿತ್ತು. ಆದರೆ ಗಿಡ ಆಕೆಯದು, ಹೊಲ ಆಕೆಯದು, ಹೊಟ್ಟೆಯಲ್ಲಿ ಆಕೆಯ ರೊಟ್ಟಿ. ಬೇರು ಆಕೆಯ ಮುಂದೆ ಹಿಡಿದೆ. ಆಕೆ ತನ್ನ ಗಿಡದ ಬೇರುಗಳನ್ನು ಅದ್ದಿದಳು. ಆಮೇಲೆ ಬಾಡಿದ ಗಿಡದವನ್ನೂ ಕೈಗೆ ತೆಗೆದುಕೊಂಡಳು.

“ಅದಕ್ಯಾಕ ಆಯಿ? ಅದು ಹೆಂಗೂ ಬಾಡೇದ.”

ಆಕೆ ನನ್ನನ್ನು ಒಂದು ನಮೂನೆ ನೋಡಿದಳು. “ಬಾಡಿದ್ದಕ್ಕ ಅರಿಶಿನ ಬ್ಯಾಡಂತ ಯಾರಂದ್ರು? ಅದೂ ಇದೇ ಮಣ್ಣಾಗ ಹುಟ್ಟಿದ್ದದ.”

ಅದನ್ನೂ ಅದ್ದಿ ಕೊಟ್ಟಳು. ನಾನು ಅವಸರದಲ್ಲಿ ಮತ್ತೊಮ್ಮೆ ನೀರಲ್ಲಿ ಜಾಡಿಸಿ, ಒರೆಸಿ, ಐಸಿಗೆ ಹಾಕಿ ಮುಚ್ಚಿದೆ. ಜೀಪು ಚಂದಾಪುರ ದಾಟುವವರೆಗೂ ಗೊಣಗಿದೆ ಎಂದು ಡ್ರೈವರ್ ಆಮೇಲೆ ಎಲ್ಲರ ಮುಂದೆ ಹೇಳಿದ.

ಬೇರನ್ನು ಹೆಪ್ಪುಗಟ್ಟಿಸಿ, ಕೂದಲಿಗಿಂತ ತೆಳ್ಳಗೆ ಅಡ್ಡ ಕೊಯ್ದು, ಆ ಹಾಳೆಗಳನ್ನು ಒಂದು ವಿಶೇಷ ಸ್ಲೈಡಿನ ಮೇಲೆ ಕೂಡಿಸಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಚೌಕಗಳು ಆ ಸ್ಲೈಡಿನ ತುಂಬ ಇರುತ್ತವೆ, ಒಂದೊಂದಕ್ಕೂ ತನ್ನದೇ ಗುರುತು. ಮೇಲಿನ ಕೋಶದಿಂದ ಇಳಿದ ಆರ್‌ಎನ್‌ಎ ಕೆಳಗಿನ ಚೌಕಕ್ಕೆ ಅಂಟುತ್ತದೆ. ಅದನ್ನು ಓದಿದರೆ ಯಾವ ಚೌಕದಲ್ಲಿ ಯಾವ ಜೀನಿನ ಮಾತು ಕೇಳಿಸಿತು ಎಂದು ತಿಳಿಯುತ್ತದೆ. ದೊಡ್ಡ ಊರಿನ ಒಂದು ಲ್ಯಾಬು ಈ ಕೆಲಸ ಮಾಡಿಕೊಟ್ಟಿತು. ನಮಗೆ ಸಿಕ್ಕಿದ್ದು ಒಂದೇ ಸ್ಲೈಡು. ಆಯಿಯ ಬೇರು ಒಂದು ಮಗ್ಗುಲಿಗೆ, ಬಾಡಿದ ಬೇರು ಇನ್ನೊಂದು ಮಗ್ಗುಲಿಗೆ. ಕೆಟ್ಟರೆ ಆ ವರ್ಷಕ್ಕೆ ಇನ್ನೊಂದು ಇಲ್ಲ ಎಂದು ನಮ್ಮ ಮುಖ್ಯ ವಿಜ್ಞಾನಿ ಮೊದಲೇ ಹೇಳಿದ್ದರು. ಅವರು ಶಹಾಬಾದಿನವರು. ಬಾಯಲ್ಲಿ ಸದಾ ಒಂದು ಲವಂಗ, ಮಾತು ಕಡಿಮೆ. ನಾವು ಬರೀ ಮೇಡಂ ಅನ್ನುತ್ತೇವೆ.

ಚೌಕಗಳಿಗೆ ಕೋಶ ಯಾವುದೆಂದು ಗೊತ್ತಿರುವುದಿಲ್ಲ. ಒಂದು ಕೋಶದ ಕೆಳಗೆ ಹತ್ತಾರು ಚೌಕ ಇರಬಹುದು, ಒಂದೇ ಚೌಕದ ಮೇಲೆ ಎರಡು ಕೋಶದ ಗಡಿ ಹಾಯಬಹುದು. ಆದ್ದರಿಂದ ಅದೇ ಹಾಳೆಯ ಸೂಕ್ಷ್ಮದರ್ಶಕದ ಚಿತ್ರ ಇಟ್ಟುಕೊಂಡು ಕೋಶಗಳ ಎಲ್ಲೆ ಎಳೆಯಬೇಕು. ಕೋಶ ಲೆಕ್ಕವಿಲ್ಲದಷ್ಟು, ಕೈಯಿಂದ ಆಗುವ ಮಾತಲ್ಲ. ಅದಕ್ಕೆ ಡೀಪ್ ಲರ್ನಿಂಗ್: ಚಿತ್ರಗಳನ್ನು ನೋಡಿ ನೋಡಿ ಎಲ್ಲೆ ಗುರುತಿಸಲು ಕಲಿತ ಮಾಡೆಲ್. ಆ ಕೆಲಸ ನನ್ನದು.

ಮಾಘ ಮುಗಿಯುವ ಹೊತ್ತಿಗೆ ಮಾಹಿತಿ ಬಂತು. ಹಾಳೆಯ ಚಿತ್ರವನ್ನು ನೀಲಿ, ಹಸಿರು ಎರಡು ಹೊಳಪಿನಲ್ಲಿ ಬೇರೆಬೇರೆ ತೆಗೆದಿದ್ದರು. ಜೊತೆಗೆ ಲ್ಯಾಬಿನವರ ಒಂದು ಮಾತು: ನೀಲಿ ಚಿತ್ರ ಚೆನ್ನಾಗಿದೆ, ನ್ಯೂಕ್ಲಿಯಸ್‌ಗಳು ಸ್ಪಷ್ಟ ಇವೆ, ಹಸಿರು ಚಿತ್ರದಲ್ಲಿ ಏನೋ ಹೊಲಸು ಹೊಳೆಯುತ್ತಿದೆ, ಅದನ್ನು ಬಿಟ್ಟುಬಿಡಿ. ಬಿಟ್ಟೆ. ನೀಲಿ ಚಿತ್ರವನ್ನು ಎಲ್ಲರೂ ಬಳಸುವ ಸಿದ್ಧ ಮಾಡೆಲ್‌ಗೆ ಕೊಟ್ಟೆ. ಅದು ನ್ಯೂಕ್ಲಿಯಸ್ ಹುಡುಕಿ, ಅದರ ಸುತ್ತ ವೃತ್ತ ಬೆಳೆಸಿ, ಇದೇ ಕೋಶ ಅನ್ನುತ್ತದೆ. ಚಂದ ಚಂದ ವೃತ್ತಗಳು ಬಂದವು. ನಾನು ಖುಷಿಯಿಂದ ಚಹಾ ತರಿಸಿದೆ.

ಚಹಾ ಆರುವುದರೊಳಗೆ ಖುಷಿ ಆರಿತು. ನೀರಿನ ಕೊಳವೆ ಕಟ್ಟುವ ಜೀನ್‌ಗಳು ತೊಗಟೆಯ ಕೋಶದಲ್ಲಿ ಕಾಣುತ್ತಿದ್ದವು, ತೊಗಟೆಯವು ಬೇರಿನ ನಡುವೆ. ಎತ್ತು ಏರಿಗೆ ಕೋಣ ನೀರಿಗೆ. ಕಾರಣ ಹುಡುಕಲು ವಾರಗಳೇ ಹಿಡಿದವು. ಆ ಮಾಡೆಲ್ ಕಲಿತದ್ದು ಪ್ರಾಣಿಗಳ ಕೋಶದ ಮೇಲೆ. ಅಲ್ಲಿ ನ್ಯೂಕ್ಲಿಯಸ್ ಹೆಚ್ಚುಕಡಿಮೆ ನಡುವೆ ಇರುತ್ತದೆ. ಗಿಡದ ಕೋಶದ ನಡುಮನೆಯಲ್ಲಿ ನೀರಿನ ಚೀಲ ತುಂಬಿಕೊಂಡು, ನ್ಯೂಕ್ಲಿಯಸ್ ಗೋಡೆಗೆ ಒತ್ತಿ ಮೂಲೆ ಸೇರಿರುತ್ತದೆ. ಮೂಲೆಯಿಂದ ವೃತ್ತ ಬೆಳೆಸಿದರೆ ಅರ್ಧ ಪಕ್ಕದವರ ಮನೆಗೆ ಹೋಗುತ್ತದೆ. ಇದು ನನಗೆ ಪುಸ್ತಕದಲ್ಲಿ ಗೊತ್ತಿದ್ದ ಸಂಗತಿ. ವೃತ್ತ ಸಣ್ಣದು ಮಾಡಿದೆ, ಮೊಟ್ಟೆಯಾಕಾರ ಮಾಡಿದೆ, ಗಿಡದ ಬೇರೆ ಚಿತ್ರಗಳಿಂದ ಪಾಠ ಹೇಳಿದೆ. ನೀಲಿ ಚಿತ್ರದಲ್ಲಿ ಗೋಡೆಯೇ ಕಾಣದಿದ್ದರೆ ಪಾಠ ಹೇಳಿ ಏನು ಮಾಡುವುದು? ಕುಣಿಯಲಾರದವಳು ಅಂಗಳ ಡೊಂಕು ಅಂದಂತೆ ಮಾಡೆಲ್‌ಗೆ ಬೈದೆ.

ಮೇಡಂ ನನ್ನ ಪರದೆಯ ಮುಂದೆ ಬಂದು ನಿಂತರು.

“ಇದನ್ನ ತೊಗೊಂಡು ಹೋಗಿ ಆಯಿ ಮಗಗ ಏನ್ ಹೇಳ್ತಿ?”

“ಏನೂ ಹೇಳ್ಲಿಕ್ಕ ಬರಂಗಿಲ್ಲರಿ.”

“ಹಂಗಾರ ಅಂವ ಹೊಸ ಬೀಜ ಹಾಕ್ತಾನ. ಅಂವಂದೇನೂ ತಪ್ಪಿಲ್ಲ.” ಲವಂಗ ಈ ದವಡೆಯಿಂದ ಆ ದವಡೆಗೆ ಹೋಯಿತು. “ನಮ್ಮ ರೋಗದ ಮಡಿಯೊಳಗ ಒಂದು ಸಾಲು ಕೊಡಿಸೋಣಂದ್ರ, ಅದಕ್ಕೂ ಒಂದು ಆಧಾರ ಬೇಕು. ಈ ವೃತ್ತ ತೋರ್ಸಿದ್ರ ಸಮಿತಿಯವರು ನಗ್ತಾರ.”

ರೋಗದ ಮಡಿ ಎಂದರೆ ನೆಟೆಯ ಬೂಷ್ಟನ್ನು ಬೇಕೆಂತಲೇ ಸಾಕಿಟ್ಟ ಮಣ್ಣು. ಯಾವ ಬೀಜಕ್ಕೆ ತಾಕತ್ತು ಇದೆ ಎಂದು ಕೊನೆಗೆ ತೀರ್ಮಾನವಾಗುವುದು ಅಲ್ಲಿಯೇ. ಅಲ್ಲಿ ಜಾಗಕ್ಕೆ ಪೈಪೋಟಿ ಭಾಳ, ಹಂಚುವುದು ಕೇಂದ್ರದ ಸಮಿತಿ. ಆ ದಿನ ಸಂಜೆ ಸೇಡಂ ಸ್ಟೇಷನ್ನಿನಲ್ಲಿ ವಾಡಿ ಗಾಡಿಗೆ ಕಾಯುತ್ತ ಕುಳಿತಾಗ, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವಲ್ಲ ಎಂದು ಖರೇನೇ ಅಳು ಬಂತು. ಒಬ್ಬಾಕೆಯ ತವರಿನ ಬೀಜ ನನ್ನ ಕಂಪ್ಯೂಟರಿನಲ್ಲಿ ಸಿಕ್ಕಿಬಿದ್ದಿತ್ತು.

ಇಷ್ಟರಲ್ಲಿ ಒಂದು ಶುಕ್ರವಾರ ಬಂತು. ವಾಡಿಯಲ್ಲಿ ನನ್ನ ತಮ್ಮನದು ಕಿರಾಣಿ ಅಂಗಡಿ. ಶುಕ್ರವಾರ ರಜೆ ಹಾಕಿ ಮನೆಯಲ್ಲಿದ್ದರೆ, ಅವನು ನಮಾಜಿಗೆ ಹೋಗಿ ಬರುವವರೆಗೆ ಗಲ್ಲಾದ ಮೇಲೆ ನಾನು ಕೂರಬೇಕು. ಅವತ್ತು ಅರಿಶಿನದ ಪಾಕೀಟು ತೆಗೆಯುವಾಗ ಒಡೆದು ಕೈಯೆಲ್ಲ ಹಳದಿ ಆಯಿತು. ಆಗಲೇ ಒಬ್ಬರು ದೊಡ್ಡ ನೋಟು ಕೊಟ್ಟರು. ತಮ್ಮ ಇಟ್ಟಿರುವ ನೋಟು ನೋಡುವ ನೇರಳೆ ದೀಪದ ಕೆಳಗೆ ಹಿಡಿದೆ. ನೋಟಿನಲ್ಲಿ ಏನೂ ಲೋಪ ಇರಲಿಲ್ಲ. ನನ್ನ ಹೆಬ್ಬೆರಳು ಮಾತ್ರ ಹಸಿರಾಗಿ ಧಗಧಗ ಹೊಳೆಯುತ್ತಿತ್ತು.

ಆ ಬಣ್ಣ ನಾನು ನೋಡಿದ್ದೆ. ಬಿಟ್ಟುಬಿಡಿ ಎಂದು ಲ್ಯಾಬಿನವರು ಹೇಳಿದ ಚಿತ್ರದಲ್ಲಿ. ತಾಮ್ರದ ತಂಬಿಗೆ ಕಣ್ಣ ಮುಂದೆ ಬಂತು. ತಮ್ಮ ನಮಾಜು ಮುಗಿಸಿ ಬಂದಾಗ ನಾನು ಹತ್ತೂ ಬೆರಳು ದೀಪದ ಕೆಳಗೆ ಇಟ್ಟು ನಗುತ್ತಿದ್ದೆ.

“ಆಪಾ, ಗಿರಾಕಿ ನಿಂತಾರ. ತಲಿ ಗಿಲಿ ಕೆಟ್ಟದೇನು?”

“ಗಿರಾಕಿನ ನೀ ನೋಡ್ಕೋ,” ಎಂದು ಅರಿಶಿನದ ಒಂದು ಪಾಕೀಟು ಎತ್ತಿಕೊಂಡು ಎದ್ದೆ.

ಸೋಮವಾರ ಸೇಡಂಗೆ ಹೋಗಿ, ಹಿತ್ತಲಿನ ಕುಂಡದಲ್ಲಿದ್ದ ತೊಗರಿ ಗಿಡ ಕಿತ್ತು, ಆಯಿ ಮಾಡಿದ ಹಾಗೇ ಅರಿಶಿನದ ನೀರಿನಲ್ಲಿ ಅದ್ದಿ ತೆಗೆದು, ಜಾಡಿಸಿ, ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹೊರಗಿನ ಸುತ್ತುಗಳ ಗೋಡೆ, ನಡುವೆ ನೀರಿನ ಕೊಳವೆಗಳ ಗಟ್ಟಿ ಗೋಡೆ, ಎಲ್ಲ ಗೆರೆ ಎಳೆದಂತೆ ಹಸಿರು. ಮರದ ಅಂಶ ಇರುವ ಗೋಡೆಗೆ ಅರಿಶಿನದ ಬಣ್ಣ ಹಿಡಿಯುತ್ತದೆ. ನಾವು ಯಾವ ಗೋಡೆ ಕಾಣದೆ ಒದ್ದಾಡುತ್ತಿದ್ದೆವೋ ಆ ಗೋಡೆಗೆ ಆಯಿ ಹೊಲದಲ್ಲೇ ಬಣ್ಣ ಹಚ್ಚಿ ಕಳಿಸಿದ್ದಳು. ಆಕೆಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹೊಲಸು ಎಂದ ಚಿತ್ರವನ್ನು ಮತ್ತೆ ತೆರೆದೆ.

ಅಲ್ಲೇ ನಿರ್ಧಾರ ಮಾಡಿದೆ. ನ್ಯೂಕ್ಲಿಯಸ್ ಹಿಡಿದು ಹೊರಗೆ ಬರುವ ದಾರಿ ಬಿಡಬೇಕು, ಗೋಡೆ ಹಿಡಿದು ಒಳಗೆ ಹೋಗಬೇಕು. ಸಿದ್ಧ ಮಾಡೆಲ್ ಅದಕ್ಕೆ ಸಾಲದು. ನಮ್ಮ ಬೇರಿನ ಮೇಲೆ ನಾವೇ ಎಲ್ಲೆ ಬರೆದು ಹೊಸದಾಗಿ ಕಲಿಸಬೇಕು. ಚೈತ್ರ ನಡೆದಿತ್ತು. ಮಿರಗ ದೂರ ಇರಲಿಲ್ಲ.

ಮೇಡಂ ಎಲ್ಲ ಕೇಳಿಸಿಕೊಂಡು ಅಂದರು, “ಅರಿಶಿನ ಬಳದ ಬೇರಿನ ಮ್ಯಾಲ ವಿಜ್ಞಾನ ಮಾಡ್ಲಿಕತ್ತೀವಿ ಅಂತ ಬರೀಲೇನು ವರದ್ಯಾಗ?”

“ಬರೀರಿ. ಖರೇನೇ ಅದ ಅಲ್ರಿ.”

“ಒಂದು ಮಾತು ಹೇಳು. ಅರಿಶಿನ ಬೂಷ್ಟಿಗೆ ಆಗಿ ಬರಂಗಿಲ್ಲ. ಆಕಿ ತನ್ನ ಗಿಡಕ್ಕ ಅಷ್ಟೇ ಹಚ್ಚಿದ್ರ ಎರಡೂ ಬೇರು ತಾಳೆ ನೋಡ್ಲಿಕ್ಕ ಬರಂಗೇ ಇಲ್ಲ. ಬಾಡಿದ್ದಕ್ಕೂ ಹಚ್ಚ್ಯಾಳೇನು?”

ಬೇಡ ಎಂದವಳು ನಾನೇ. ಚಿತ್ರದ ಇನ್ನೊಂದು ಮಗ್ಗುಲು ಹಿಗ್ಗಿಸಿ ತೋರಿಸಿದೆ. ಬಾಡಿದ ಬೇರಿನ ಗೋಡೆಗಳೂ ಅಷ್ಟೇ ಹಸಿರು ಇದ್ದವು. “ಅದೂ ಇದೇ ಮಣ್ಣಾಗ ಹುಟ್ಟಿದ್ದದ ಅಂದಳ್ರಿ,” ಎಂದೆ. ಮೇಡಂ ಬಾಯಿಂದ ಲವಂಗ ತೆಗೆದರು. ಹಾಗೆ ಮಾಡಿದ್ದು ನಾನು ಮೊದಲ ಸಲ ನೋಡಿದ್ದು.

ಎಲ್ಲೆ ಬರೆಯಲು ಸೇಡಂ ಕಾಲೇಜಿನಿಂದ ಇಬ್ಬರು ಎಮ್ಮೆಸ್ಸಿ ಹುಡುಗಿಯರು ತರಬೇತಿಗೆ ಬಂದಿದ್ದರು. ಒಬ್ಬಳು ಆದಿತ್ಯನಗರದ ಕ್ವಾರ್ಟರ್ಸಿನವಳು, ಸಿಮೆಂಟ್ ಫ್ಯಾಕ್ಟರಿಯಲ್ಲಿ ಅಪ್ಪ. ಇನ್ನೊಬ್ಬಳು ಚಿತ್ತಾಪುರದವಳು. ಅವರ ಜಗಳ ಮೊದಲ ದಿನವೇ ಶುರುವಾಯಿತು. ಒಬ್ಬಳು ಗೋಡೆಯ ಒಳಗೆ ಗೆರೆ ಎಳೆಯುತ್ತಾಳೆ, ಇನ್ನೊಬ್ಬಳು ಹೊರಗೆ. ಹೀಗೆ ಇಬ್ಬರು ಎರಡು ನಮೂನೆ ಕಲಿಸಿದರೆ ಮಾಡೆಲ್‌ಗೆ ಯಾವುದು ಖರೇ ಅನಿಸಬೇಕು?

“ಮನಿ ಗ್ವಾಡಿ ಮನಿಯವ್ರದು ಅಲ್ರೀ ಮೇಡಂ?” ಎಂದಳು ಆದಿತ್ಯನಗರದವಳು.

“ಮನಿ ಅಲ್ಲ ಇದು, ಹೊಲ. ಬದು ಇಬ್ಬರದೂ ಇರ್ತದ,” ಎಂದಳು ಚಿತ್ತಾಪುರದವಳು.

ಬದುವಿನ ನಿಯಮ ಗೆದ್ದಿತು. ಗೆರೆ ಗೋಡೆಯ ನಡುಮಧ್ಯೆ. ಮುಂದೆ ವಾದ ಎದ್ದಾಗಲೆಲ್ಲ ‘ಬದು, ಬದು’ ಎಂದು ಒಬ್ಬರಿಗೊಬ್ಬರು ಹೇಳುತ್ತ ಬರೆದರು. ಅವರು ಬರೆದ ತುಣುಕುಗಳನ್ನು ಮಾಡೆಲ್‌ಗೆ ತೋರಿಸುವುದು, ಅದು ತಪ್ಪಿದಲ್ಲಿ ತಿದ್ದುವುದು, ಮತ್ತೆ ತೋರಿಸುವುದು. ಕೆಲವು ತುಣುಕು ಮುಚ್ಚಿಟ್ಟು, ಅದು ಎಂದೂ ನೋಡದ ಜಾಗದಲ್ಲಿ ಪರೀಕ್ಷೆ ಮಾಡುವುದು. ಬೇರಿನ ಒಳಗಿನ ಮೆತ್ತನೆ ಗೋಡೆಗಳಿಗೆ ಅರಿಶಿನ ಅಷ್ಟು ಹಿಡಿದಿರಲಿಲ್ಲ, ಅಲ್ಲಿ ಎರಡು ಕೋಶ ಒಂದಾಗಿಬಿಡುತ್ತಿದ್ದವು. ಅದಕ್ಕೆ ಹಸಿರು ಚಿತ್ರದ ಜೊತೆ ನೀಲಿ ಚಿತ್ರವನ್ನೂ, ಯಾವ ಚೌಕದಲ್ಲಿ ಆರ್‌ಎನ್‌ಎ ದಟ್ಟ, ಎಲ್ಲಿ ತೆಳು ಎಂಬ ನಕ್ಷೆಯನ್ನೂ ಸೇರಿಸಿ ಕಲಿಸಿದೆ. ನಿಧಾನಕ್ಕೆ ಕೋಶಗಳು ಬೇರೆಬೇರೆಯಾದವು. ತೊಗಟೆಯ ಜೀನ್ ತೊಗಟೆಗೆ ಬಂತು, ಕೊಳವೆಯದು ಕೊಳವೆಯ ಸುತ್ತ ಬಂತು. ಯಾವ ಕೋಶ ಯಾವ ಬಗೆಯದು ಎಂದು ಹೆಸರು ಹಚ್ಚಲು ಬಂದ ದಿನ ಚಿತ್ತಾಪುರದ ಹುಡುಗಿ ಎಲ್ಲರಿಗೂ ತಿನ್ನಲಿಕ್ಕೆ ಮಿಸಳ್ ತರಿಸಿದಳು. ಇಡೀ ಸ್ಲೈಡಿನ ಎಲ್ಲೆಗಳು ಮುಗಿದವು.

ಇನ್ನು ಉಳಿದದ್ದು ಮಗನ ಪ್ರಶ್ನೆ. ರೋಗ ಆ ಮೂಲೆಗೆ ಬಂದಿದೆಯೋ ಇಲ್ಲವೋ? ಬೂಷ್ಟಿನ ಜೀನ್‌ಗಳ ಸುಳಿವು ಯಾವ ಕೋಶದಲ್ಲಿ ಬಿದ್ದಿದೆ ಎಂದು ನಕ್ಷೆಯಲ್ಲಿ ಹುಡುಕಿದೆ. ಉತ್ತರ ಬಂತು: ಆಯಿಯ ಬೇರಿನ ಯಾವ ಕೋಶದಲ್ಲೂ ಇಲ್ಲ.

ಅಂದರೆ ರೋಗ ಬಂದೇ ಇಲ್ಲ. ಮಣ್ಣಿನ ಗುಣ. ಬೀಜ ಹೋಯಿತು.

ಮೇಡಂಗೆ ಹೇಳಲು ಎದ್ದು, ಬಾಗಿಲ ತನಕ ಹೋಗಿ, ಮತ್ತೆ ಬಂದು ಕುಳಿತೆ. ಒಂದು ಸಂಗತಿ ಚುಚ್ಚುತ್ತಿತ್ತು. ಬಾಡಿದ ಬೇರಿನ ಕೋಶಗಳಲ್ಲೂ ಬೂಷ್ಟು ಅಷ್ಟಕ್ಕಷ್ಟೇ ಕಾಣುತ್ತಿತ್ತು. ಗಿಡ ಸಾಯುವ ಹಂತದಲ್ಲಿದ್ದದ್ದು ನಾನೇ ಕಣ್ಣಾರೆ ಕಂಡಿದ್ದೆ. ಹಾಗಾದರೆ ಬೂಷ್ಟು ಎಲ್ಲಿ ಹೋಯಿತು? ಯಾವ ಕೋಶಕ್ಕೂ ಸೇರದೆ ಉಳಿದ ಚೌಕಗಳನ್ನು ಬೇರೆ ತೆಗೆದು ನಕ್ಷೆಯ ಮೇಲೆ ಹಾಕಿದೆ. ಬೂಷ್ಟಿನ ಸುಳಿವೆಲ್ಲ ಅಲ್ಲೇ ಇತ್ತು, ಯಾರ ಜಾಗವೂ ಅಲ್ಲದ ಜಾಗದಲ್ಲಿ. ಆ ಜಾಗ ನೀರಿನ ಕೊಳವೆಗಳು.

ಹುಡುಗಿಯರು ಬರೆದ ಚಿತ್ರ ತೆಗೆದು ನೋಡಿದೆ. ಕೊಳವೆಗಳಿಗೆ ಎಲ್ಲೆಯೇ ಇರಲಿಲ್ಲ.

“ಇವು ಯಾಕ ಬಿಟ್ಟೀರಿ?”

ಚಿತ್ತಾಪುರದವಳು ಬೆದರಿದಳು. “ಖಾಲಿ ಅವ ಅಲ್ರಿ ಮೇಡಂ. ಒಳಗ ಏನೂ ಇಲ್ಲ, ನ್ಯೂಕ್ಲಿಯಸ್ಸೂ ಇಲ್ಲ. ನಾ ಹೋದ ವರ್ಷ ಮನಿ ಮನಿ ಸರ್ವೇಕ್ಕ ಹೋಗಿದ್ದೆ. ಬೀಗ ಹಾಕಿದ ಮನಿ ಬಿಟ್ಟು ಮುಂದಕ್ಕ ಹೋಗ್ರಿ ಅಂತ ಹೇಳಿದ್ರು. ಹಂಗೇ ಇದೂ ಅಂತ ಬಿಟ್ವಿ.”

ನಾನು ನಕ್ಕುಬಿಟ್ಟೆ. ಬೈಯಲಿಕ್ಕೆ ಬಾಯೇ ಬರಲಿಲ್ಲ. ನೀರಿನ ಕೊಳವೆಯ ಕೋಶ ಸತ್ತ ಮೇಲೇ ಕೊಳವೆ ಆಗುತ್ತದೆ. ಅದು ಖಾಲಿ ಇರುವುದೇ ಅದರ ಕೆಲಸ. ನೆಟೆಯ ಬೂಷ್ಟು ಬಂದು ಕೂರುವುದು ಅಲ್ಲಿಯೇ. “ಅವ್ವಾ, ಕಳ್ಳ ಹೊಕ್ಕು ಕುಂತಿದ್ದೇ ಬೀಗ ಹಾಕಿದ ಮನ್ಯಾಗ. ಬರೀರಿ ಎಲ್ಲಾ, ಒಂದೂ ಬಿಡಬ್ಯಾಡ್ರಿ,” ಎಂದೆ. ಕೊಳವೆಗಳ ಗಟ್ಟಿ ಗೋಡೆಗೆ ಅರಿಶಿನ ಎಲ್ಲಕ್ಕಿಂತ ಚೆನ್ನಾಗಿ ಹಿಡಿದಿತ್ತು. ಮಾಡೆಲ್ ಅವನ್ನು ಭಾಳ ಲಗೂ ಕಲಿತಿತು.

ಮಡಿಸಿಟ್ಟ ಉತ್ತರ ಈಗ ಬಿಚ್ಚಿತು. ಬಾಡಿದ ಬೇರಿನಲ್ಲಿ ಬೂಷ್ಟು ಕೊಳವೆಯಿಂದ ಕೊಳವೆಗೆ ಹಬ್ಬಿತ್ತು, ಸುತ್ತಲಿನ ಕೋಶಗಳು ತಡವಾಗಿ ಎದ್ದು ಅಲ್ಲಿ ಇಲ್ಲಿ ಕೂಗುತ್ತಿದ್ದವು. ಆಯಿಯ ಬೇರಿನಲ್ಲೂ ಬೂಷ್ಟು ಇತ್ತು. ಆದರೆ ಅಂಚಿನ ಒಂದೆರಡು ಕೊಳವೆಯಲ್ಲಿ ಅಷ್ಟೇ. ಆ ಕೊಳವೆಗಳನ್ನು ಸುತ್ತುವರಿದ ಕೋಶಗಳಲ್ಲಿ ಗೋಡೆ ಗಟ್ಟಿ ಮಾಡುವ ಜೀನ್‌ಗಳು, ವಿಷ ಕಾರುವ ಜೀನ್‌ಗಳು ಒಂದೂ ಬಿಡದೆ ಎದ್ದಿದ್ದವು. ಅದರಾಚೆ ಬೂಷ್ಟು ಇಲ್ಲ. ಬೇರೆ ಬೇರೆ ಹಾಳೆಯಲ್ಲಿ ನೋಡಿದೆ, ಅದೇ ಮಾತು. ರೋಗ ಆ ಮೂಲೆಗೆ ಬಂದಿತ್ತು. ಗಿಡ ತಡೆದಿತ್ತು.

“ಒಂದು ಸ್ಲೈಡ್ ನೋಡಿ ಲಗ್ನ ನಿಶ್ಚಯ ಮಾಡಬ್ಯಾಡ,” ಎಂದರು ಮೇಡಂ. ಆದರೆ ಚಿತ್ರವನ್ನು ತಾವೇ ಸಮಿತಿಗೆ ಒಯ್ದರು, ಅರಿಶಿನದ ಸಂಗತಿ ಮೊದಲ ಸಾಲಿನಲ್ಲೇ ಹೇಳಿ, ರೋಗದ ಮಡಿಯಲ್ಲಿ ಒಂದು ಸಾಲು ತಂದರು. ನಾನು ಐನಾಪುರಕ್ಕೆ ಫೋನು ಮಾಡಿದೆ. ಮಗ ಎಲ್ಲ ಕೇಳಿ, “ಸರಿ ಮೇಡಂ, ಮೂಲಿ ಪಟ್ಟಿ ಅವ್ವಂದೇ ಇರ್ಲಿ ಈ ವರ್ಷ. ನಿಮ್ಮ ಮಡ್ಯಾಗ ಏನಾಗ್ತದ ನೋಡೋಣ,” ಎಂದ. ಹೇಳಿದ ಮಾತಿಗೆ ನಿಂತ ಮನುಷ್ಯ, ಅವನಿಗೂ ನನ್ನ ಶರಣು.

ಬಿತ್ತುವ ದಿನ ಆಯಿ ತಾನೇ ಬೀಜದ ಗಡಿಗೆ ಹಿಡಿದು ಬಂದಳು. ಕೆಮ್ಮಣ್ಣು ಸವರಿ ಇಟ್ಟ ಬೀಜ. ಹುಳ ತಿಂದು ಉಳಿದದ್ದು ಗಡಿಗೆಯ ತಳಕ್ಕೆ ಇತ್ತು. ಅರ್ಧ ಮೂಲೆಯ ಪಟ್ಟಿಗೆ ತೆಗೆದಿಟ್ಟು ಅರ್ಧ ತಂದಿದ್ದಳು. ಮಡಿ ಯಾವುದೆಂದು ಹೇಳಿದ ಮೇಲೆ ಆಕೆಯ ಮುಖ ಕಪ್ಪಿಟ್ಟಿತು.

“ರೋಗದ ಮಣ್ಣಾಗ ಹಾಕ್ತೀರೇನು? ಬೇಕಂತ?”

“ಹೌದು ಆಯಿ. ಇಲ್ಲಿ ನಿಂತ್ರ ಎಲ್ಲಿ ಬೇಕಾದ್ರೂ ನಿಲ್ತದ.”

“ನಿಲ್ಲದಿದ್ರ?”

ಆಕೆ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬದುವಿನ ಮೇಲೆ ಕುಳಿತುಬಿಟ್ಟಳು. ಮೇಡಂ ಹೋಗಿ ಪಕ್ಕ ಕುಳಿತರು. ಇಬ್ಬರ ಮಾತಿನಲ್ಲಿ ‘ಇನ್ನರ್ಧ ಮನ್ಯಾಗ ಅದ ಅಲ್ಲ’ ಎಂದು ಮೇಡಂ ಅಂದದ್ದಷ್ಟೇ ನನಗೆ ಕೇಳಿಸಿತು. ಎದ್ದು ಬಂದಾಗ ಆಯಿಯ ಕೈಯಲ್ಲಿ ಅರಿಶಿನದ ಪೊಟ್ಟಣ ಇತ್ತು.

“ಬೀಜಕ್ಕ ಬ್ಯಾಡ ಆಯಿ,” ಎಂದೆ, ಈ ಸಲ ಮೆತ್ತಗೆ. “ಅರಿಶಿನ ಹಚ್ಚಿದ್ರ ಬೂಷ್ಟು ಅಂಜ್ತದ. ಆಗ ಗಿಡದ ತಾಕತ್ತು ತಿಳಿಯಂಗಿಲ್ಲ.”

“ಹಂಗಾರ ನಿನಗಾರೆ ಹಚ್ತೀನಿ, ತಾ ಕೈ.” ನನ್ನ ಎರಡೂ ಮುಂಗೈಗೆ ಹಚ್ಚಿದಳು. ಆಮೇಲೆ ತನ್ನ ಕೈ ತೊಳೆದುಕೊಂಡು ಬೀಜ ತಾನೇ ಊರಿದಳು. ನಾನು ಸಾಲಿನ ಗುರುತಿನ ಗೂಟ ಹಿಡಿದು, ಅರಿಶಿನದ ಕೈ ಬೀಜಕ್ಕೆ ತಾಗದಂತೆ ದೂರ ನಿಂತೆ.

ಆ ಮಳೆಗಾಲದಲ್ಲಿ ಮಡಿ ನೋಡಲು ಎಷ್ಟು ಸಲ ಹೋದೆನೋ ದೇವರೇ ಬಲ್ಲ. ಹುಡುಗಿಯರೂ ಬರುತ್ತಿದ್ದರು. ಮೊದಲು ಪಕ್ಕದ ಸಾಲಿನ ಸಾಮಾನ್ಯ ತೊಗರಿ ತಲೆಬಾಗಿತು, ಆಮೇಲೆ ಒಣಗಿತು. ಆಯಿಯ ಸಾಲಿನಲ್ಲೂ ಒಂದೊಂದು ಗಿಡ ಹೋಯಿತು. ಹೋದಾಗೆಲ್ಲ ನನ್ನ ಜೀವ ಹೋಯಿತು. ಉಳಿದವು ನಿಂತವು. ಹೂ ಬಿಟ್ಟವು, ಕಾಯಿ ಕಟ್ಟಿದವು, ಎಳ್ಳಮಾಸಿ ಬಂದರೂ ಹಸಿರಾಗಿದ್ದವು.

ಆ ಎಳ್ಳಮಾಸಿಗೆ ನಾನು ಮತ್ತೆ ಐನಾಪುರಕ್ಕೆ ಹೋದೆ. ಡಬ್ಬಿ ಇರಲಿಲ್ಲ. ಅಮ್ಮಿ ಮಾಡಿಕೊಟ್ಟ ಶೀರಖುರ್ಮಾ ಇತ್ತು. ಬೇವಿನ ಕೆಳಗೆ ಕುಳಿತು, ನಿಂತ ಸಾಲಿನ ಫೋಟೋ ಆಯಿಗೆ ಫೋನಿನಲ್ಲಿ ತೋರಿಸಿದೆ. ಆಕೆ ಫೋನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ‘ನನಗೆ ಮೊದಲೇ ಗೊತ್ತಿತ್ತು’ ಅನ್ನುತ್ತಾಳೆ ಅಂದುಕೊಂಡಿದ್ದೆ.

“ನನಗ ಗೊತ್ತಿರಲಿಲ್ಲ ತಾಯಿ,” ಎಂದಳು. “ಅವ್ವ ‘ಇದು ಕೈ ಬಿಡಂಗಿಲ್ಲ’ ಅಂದು ಕೊಟ್ಟಾಳಂತ ಬಿತ್ತಾಕತ್ತಿದ್ದೆ. ಮಣ್ಣು ಕಾಯ್ತದೋ ಬೀಜ ಕಾಯ್ತದೋ ನನಗೇನು ತಿಳಿಬೇಕು? ಮಗ ಕೇಳಿದಾಗ ನನ್ನ ಬಾಯಾಗ ಮಾತಿರಲಿಲ್ಲ. ನಂದೇ ಹಠ ಏನೋ ಅಂತ ಅಂಜಿದ್ದೆ.” ಫೋನು ನನ್ನ ಕೈಗೆ ಕೊಟ್ಟಳು. “ನಮ್ಮವ್ವನ ಮಾತು ಖರೇ ಮಾಡಿ ಕೊಟ್ಟಿ.”

“ನೀನು ಬಾಡಿದ ಗಿಡಕ್ಕ ಅರಿಶಿನ ಹಚ್ಚಿದ್ದಿಲ್ಲಂದ್ರ ನನ್ನ ಕೈಲೇ ಏನೂ ಆಗ್ತಿರಲಿಲ್ಲ ಆಯಿ.”

ಆಕೆಗೆ ಆ ಗಿಡದ ನೆನಪೇ ಇರಲಿಲ್ಲ. ಯಾವ ಗಿಡ ಎಂದು ಕೇಳಿದಳು. ಹೇಳಿದೆ. “ಅಯ್ಯ, ಅದಕ್ಕೇನು,” ಎಂದು ರೊಟ್ಟಿಯ ಬುಟ್ಟಿ ನನ್ನ ಕಡೆ ಸರಿಸಿದಳು.

ಹೊರಡುವಾಗ, “ಓಡಣಿ ಹಿಡಿ,” ಎಂದಳು. ಮೂಲೆಯ ಪಟ್ಟಿಯಲ್ಲಿ ಮೊದಲು ಮಾಗಿದ ಕಾಯಿ ಬಿಡಿಸಿದ ಬೀಜ ಎರಡು ಬೊಗಸೆ ನನ್ನ ಓಡಣಿಯ ಸೆರಗಿಗೆ ಸುರಿದು ತಾನೇ ಗಂಟು ಹಾಕಿದಳು. ನಮ್ಮಲ್ಲಿ ಈ ಉಡಿ ತುಂಬುವ ಪದ್ಧತಿ ಇಲ್ಲ ಎಂದು ಆಕೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಮಗ ಬದುವಿನ ಮೇಲೆ ನಿಂತು ನೋಡುತ್ತಿದ್ದ. “ಜತನ ಮಾಡ್ರಿ ಮೇಡಂ,” ಎಂದ. “ನಮ್ಮಲ್ಲಿ ಮುಗೀತಂದ್ರ ನಿಮ್ಮ ಕಡೆ ಬರ್ತೀವಿ ಕೇಳ್ಲಿಕ್ಕ.”